ಬೆಂಚುಗಳು ದುಂಡಗೆ ಕೂತ ವರ್ಷ

ಶಾಲೆಯಲ್ಲಿ ಕೆಲಸ ಮಾಡುವವರು ನಗು ಹುಡುಕಿಕೊಂಡು ಎಲ್ಲಿಗೂ ಹೋಗಬೇಕಾಗಿಲ್ಲ. ಬೆಳಗಿನ ಪ್ರಾರ್ಥನೆ ಮುಗಿಯುವುದರೊಳಗೆ ಒಂದಲ್ಲ ಒಂದು ನಡೆದೇ ಇರುತ್ತದೆ. ತೊಂದರೆ ಏನೆಂದರೆ, ಆಗ ನಾವು ನಗುವ ಹಾಗಿರುವುದಿಲ್ಲ. ಮುಖ ಗಂಟಿಕ್ಕಿಕೊಂಡು ನಿಂತಿದ್ದು, ಆಮೇಲೆ ಸ್ಟಾಫ್ ರೂಮಿಗೆ ಬಂದು ನಗಬೇಕು.

ನನ್ನ ತವರು ಹಾನಗಲ್ಲು, ಮದುವೆಯಾಗಿ ಬಂದದ್ದು ಶಿಗ್ಗಾಂವಿಗೆ. ಇಲ್ಲಿಂದ ಸವಣೂರಿಗೆ ಹೋಗುವ ದಾರಿಯಲ್ಲಿರುವ ಒಂದು ಖಾಸಗಿ ಶಾಲೆಯಲ್ಲಿ ನಾಲ್ಕನೇ ತರಗತಿಗೆ ಪಾಠ ಮಾಡುತ್ತೇನೆ. ಹಾಗೆ ಸ್ಟಾಫ್ ರೂಮಿಗೆ ಓಡಿ ಬಂದು ನಕ್ಕಿದ್ದು ಎಲ್ಲಕ್ಕಿಂತ ಹೆಚ್ಚು ಯಾವಾಗ ಅಂದರೆ, ನಮ್ಮಲ್ಲಿ ಹೊಸ ಕಲಿಕೆಯ ಪದ್ಧತಿ ಶುರುವಾದ ವರ್ಷ.

ಮೊದಲನೇ ದಿನ

ಬೇಸಿಗೆ ರಜೆಯಲ್ಲಿ ನಮಗೆಲ್ಲ ತರಬೇತಿ ಕೊಡಲು ಹುಬ್ಬಳ್ಳಿಯಿಂದ ಒಬ್ಬರು ಬಂದಿದ್ದರು. ಶಿಕ್ಷಕರು ಕಡಿಮೆ ಮಾತಾಡಬೇಕು, ಮಕ್ಕಳು ಹೆಚ್ಚು ಮಾತಾಡಬೇಕು, ಏನು ಕಲಿಯಬೇಕು ಅನ್ನುವುದರಲ್ಲಿ ಮಕ್ಕಳ ಇಚ್ಛೆಗೂ ಬೆಲೆ ಇರಬೇಕು ಎಂದು ಅವರು ಹೇಳಿದರು. ಬೆಳಿಗ್ಗೆಯಿಂದ ಸಂಜೆಯವರೆಗೆ, ನಮಗೆ ಯಾರಿಗೂ ಬಾಯಿ ತೆಗೆಯಲು ಬಿಡದೆ ಹೇಳಿದರು.

ನಮ್ಮ ಹೆಡ್ ಸರ್ ಮೆತ್ತಗಿನ ಮನುಷ್ಯ. ಒಳ್ಳೆಯದು ಅನಿಸಿದ್ದನ್ನು ಪೂರ್ತಿ ಮನಸ್ಸಿನಿಂದ ಮಾಡುವವರು. ಶಾಲೆ ತೆರೆಯುವ ಹೊತ್ತಿಗೆ ಎಲ್ಲ ತರಗತಿಯ ಬೆಂಚುಗಳನ್ನೂ ಸಾಲಿನಿಂದ ತೆಗೆದು ದುಂಡಗೆ ಹಾಕಿಸಿದ್ದರು. ಹೊಸಬರ ಹಾಗೆ ನಾನೂ ಮಕ್ಕಳ ನಡುವೆ ಹೋಗಿ ನಿಂತೆ. ಇವತ್ತು ಏನು ಕಲಿಯೋಣ, ನೀವೇ ಮಾತಾಡಿಕೊಂಡು ಹೇಳಿ ಅಂದೆ.

ಮಕ್ಕಳು ತಲೆಗೆ ತಲೆ ಹಚ್ಚಿ ಬಹಳ ಹೊತ್ತು ಗುಸುಗುಸು ಮಾತಾಡಿದವು. ಅಷ್ಟು ಶ್ರದ್ಧೆಯಿಂದ ಅವು ಏನನ್ನಾದರೂ ಮಾಡಿದ್ದನ್ನು ನಾನು ನೋಡಿಯೇ ಇರಲಿಲ್ಲ. ಕೊನೆಗೆ ಯಲವಿಗಿಯಿಂದ ಬರುವ ಒಬ್ಬ ಹುಡುಗಿ, ಎರಡು ಜಡೆ, ಕೆಂಪು ರಿಬ್ಬನ್ನು, ಎಲ್ಲರ ಪರವಾಗಿ ಎದ್ದು ನಿಂತಳು.

"ಟೀಚರ್, ಇವತ್ತ ನೀವು ಕಲೀರಿ. ನಾವು ಕುಂತ ನೋಡ್ತೇವಿ."

ನಿನಗೇನನಸ್ತೈತಿ

ಮಗು ಪ್ರಶ್ನೆ ಕೇಳಿದರೆ ನೇರವಾಗಿ ಉತ್ತರ ಕೊಡಬಾರದು, ಅದಕ್ಕೇ ವಿಚಾರ ಮಾಡಲು ಬಿಡಬೇಕು ಅನ್ನುವುದು ತರಬೇತಿಯಲ್ಲಿ ಹೇಳಿದ ಇನ್ನೊಂದು ಮಾತು. ಯಾರು ಏನು ಕೇಳಿದರೂ "ನಿನಗೇನನಸ್ತೈತಿ?" ಅಂತ ತಿರುಗಿ ಕೇಳಬೇಕು. ಮೊದಲು ಬಹಳ ಕಷ್ಟವಾಯಿತು. ಗೊತ್ತಿರುವ ಉತ್ತರವನ್ನು ಬಾಯಲ್ಲೇ ಹಿಡಿದಿಟ್ಟುಕೊಳ್ಳುವುದು ಸಣ್ಣ ಕೆಲಸವಲ್ಲ. ಆದರೆ ಜುಲೈ ಮುಗಿಯುವುದರೊಳಗೆ ಅದು ನನ್ನ ನಾಲಿಗೆಗೆ ಎಷ್ಟು ಅಂಟಿಕೊಂಡಿತೆಂದರೆ, ಪ್ರಶ್ನೆ ಪೂರ್ತಿ ಕೇಳಿಸಿಕೊಳ್ಳುವ ಮೊದಲೇ ಹೊರಗೆ ಬರುತ್ತಿತ್ತು.

ಒಂದು ದಿನ ಮನೆಯಲ್ಲಿ ನಮ್ಮ ಅತ್ತೆ ಸಾರಿಗೆ ಉಪ್ಪು ಹಾಕಿದೆಯೇನು ಅಂತ ಕೇಳಿದರು. ನಿಮಗೇನನಸ್ತೈತ್ರಿ ಅಂದುಬಿಟ್ಟೆ. ಮರುದಿನ ನನ್ನ ಟಿಫಿನ್ ಡಬ್ಬಿಯಲ್ಲಿ ಬರೀ ರೊಟ್ಟಿ ಇತ್ತು, ಪಲ್ಯ ಇರಲಿಲ್ಲ. ಅವರಿಗೆ ಏನನ್ನಿಸಿತು ಅನ್ನುವುದು ನನಗೆ ತಿಳಿಯಿತು.

ಅದೇ ವಾರ ತರಗತಿಯಲ್ಲಿ ನಾನು ಬೋರ್ಡಿನ ಮೇಲೆ ಬರೆಯುತ್ತಿದ್ದೆ. ಹಿಂದಿನಿಂದ ಒಬ್ಬ ಹುಡುಗ ಬಂದು ಹೊರಗೆ ಹೋಗಿ ಬರಲೇನು ಅಂತ ಕೇಳಿದ. ನಾನು ತಿರುಗಿ ನೋಡದೆ ನಿನಗೇನನಸ್ತೈತಿ ಅಂದೆ. ಅವನು ಅಲ್ಲೇ ನಿಂತುಕೊಂಡ. ನಿಜವಾಗಿಯೂ ವಿಚಾರ ಮಾಡುತ್ತಿದ್ದ. ಆಮೇಲೆ ಹೇಳಿದ: "ಮೊದಲ ಕೇಳಿದಾಗ ಹೋಗಬೇಕ ಅನಸ್ತಿತ್ರಿ. ಈಗ ಹೋಗಿ ಉಪಯೋಗ ಇಲ್ಲ ಅನಸ್ತೈತ್ರಿ."

ಹೆಸರುಕಾಳು

ಮಳೆಗಾಲದಲ್ಲಿ ಬೀಜ ಮೊಳೆಯುವ ಪಾಠ ಬಂತು. ಓದಿ ಹೇಳುವ ಬದಲು ಮಕ್ಕಳೇ ಮಾಡಿ ನೋಡಲಿ ಎಂದು ಒಬ್ಬೊಬ್ಬರಿಗೂ ಒಂದು ಹಿಡಿ ಹೆಸರುಕಾಳು ಕೊಟ್ಟೆ. ಮನೆಯಲ್ಲಿ ಒದ್ದೆ ಬಟ್ಟೆಯಲ್ಲಿ ಕಟ್ಟಿಡಿ, ದಿನಾ ಬಿಚ್ಚಿ ನೋಡಿ, ಏನೇನು ಬದಲಾಯಿತು ಅಂತ ಬಂದು ಹೇಳಿ ಅಂದೆ. ಹೆಡ್ ಸರ್ ಇದನ್ನು ಕೇಳಿ ಖುಷಿಪಟ್ಟು, ಮಕ್ಕಳು ಹೇಳುವ ದಿನ ತಾವೂ ಬಂದು ಕೂತರು.

ಬಂಕಾಪುರದ ಕಡೆಯಿಂದ ಬರುವ ಒಬ್ಬ ಹುಡುಗ ಮೊದಲು ಎದ್ದ. ಕಣ್ಣಿಟ್ಟು ನೋಡಿದ್ದಾನೆ ಅನ್ನುವುದು ಅವನ ಮಾತಿನಲ್ಲೇ ಗೊತ್ತಾಗುತ್ತಿತ್ತು. ಕಾಳು ಮೊದಲು ಉಬ್ಬಿತಂತೆ, ಸಿಪ್ಪೆ ಬಿರಿಯಿತಂತೆ, ಇಲಿಯ ಬಾಲದ ಹಾಗೆ ಬೆಳ್ಳಗೆ ಒಂದು ಮೊಳಕೆ ಬಂತಂತೆ. ಹೆಡ್ ಸರ್ ನನ್ನ ಕಡೆ ನೋಡಿ ತಲೆಯಾಡಿಸಿದರು. ಆಮೇಲೆ ಏನಾಯಿತಪ್ಪಾ ಅಂತ ಅವರೇ ಪ್ರೀತಿಯಿಂದ ಕೇಳಿದರು. ಆಮೇಲೆ ನಮ್ಮವ್ವ ಈರುಳ್ಳಿ ಹೆಚ್ಚಿ ಅದಕ್ಕೆ ಒಗ್ಗರಣೆ ಹಾಕಿದಳು ಅಂದ.

ಹೆಡ್ ಸರ್ ಎದೆಗುಂದಲಿಲ್ಲ. ಏನೇ ಆಗಲಿ, ಮಗು ಸ್ವಂತ ಕಣ್ಣಿನಿಂದ ನೋಡಿದೆಯಲ್ಲ. ಹಾಗಾದರೆ ಇದರಿಂದ ನೀನು ಏನು ಕಲಿತೆ ಅಂತ ಕೇಳಿದರು.

"ಉಳ್ಳಾಗಡ್ಡಿ ಇನ್ನಷ್ಟ ಬೇಕಾಗಿತ್ರಿ ಸರ್."

ಯಲವಿಗಿ ಅಜ್ಜ

ಇಷ್ಟು ಹೊತ್ತಿಗೆ ಪಾಲಕರಲ್ಲಿ ಗುಸುಗುಸು ಶುರುವಾಗಿತ್ತು. ಮಕ್ಕಳು ಮನೆಗೆ ಹೋಗಿ, ನಮ್ಮ ಟೀಚರ್ ಏನೂ ಹೇಳುವುದಿಲ್ಲ, ಎಲ್ಲಾ ನಮ್ಮನ್ನೇ ಕೇಳುತ್ತಾರೆ ಅನ್ನುತ್ತಿದ್ದವು. ಒಂದು ಶನಿವಾರ ಶಾಲೆ ಬಿಟ್ಟ ಮೇಲೆ ಕೆಂಪು ರಿಬ್ಬನ್ನಿನ ಹುಡುಗಿಯ ಅಜ್ಜ ಬಂದರು. ವೀಳ್ಯದೆಲೆಯ ವ್ಯಾಪಾರಿ, ಬಿಳಿ ಧೋತರ, ತಲೆಗೆ ಟೋಪಿ, ಕೈಯಲ್ಲಿ ಒಂದು ಚೀಲ. ಜಗಳಕ್ಕೇ ಬಂದಿದ್ದಾರೆ ಅಂದುಕೊಂಡು ನಾನು ಕುರ್ಚಿ ಸರಿಸಿ, ಕುಂದರ್ರಿ ಅಜ್ಜಾರ ಅಂದೆ.

ಅವರು ಕೂತು, ಸುತ್ತ ಯಾರೂ ಇಲ್ಲದ್ದನ್ನು ನೋಡಿಕೊಂಡು, ದನಿ ತಗ್ಗಿಸಿದರು. ಮಳೆ ಹೇಗೆ ಬರುತ್ತದೆ ಅಂತ ನಾನು ಮಕ್ಕಳನ್ನು ಕೇಳಿದೆನಂತೆ. ಆಮೇಲೆ ಗಾಳಿ ಎಲ್ಲಿಂದ ಬರುತ್ತದೆ, ಭೂಮಿ ಯಾಕೆ ತಿರುಗುತ್ತದೆ ಅಂತಲೂ ಕೇಳಿದೆನಂತೆ. ಮೊಮ್ಮಗಳು ದಿನಾ ಬಂದು ಹೇಳುತ್ತಿದ್ದಾಳೆ. ಪಾಪ, ಅಕ್ಕೋರಿಗೆ ಇಷ್ಟು ಸಣ್ಣ ಮಕ್ಕಳನ್ನು ಕೇಳುವ ಪರಿಸ್ಥಿತಿ ಬಂದಿದೆಯಲ್ಲ ಎಂದು ಅವರಿಗೆ ರಾತ್ರಿ ನಿದ್ದೆ ಬರಲಿಲ್ಲವಂತೆ. ಹೆಡ್ ಸರ್ ಗಮನಕ್ಕೆ ಬಂದರೆ ನನ್ನ ನೌಕರಿಗೆ ಏನಾದರೂ ಆದೀತು ಅನ್ನುವ ಚಿಂತೆ.

ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಹೊಸ ಪದ್ಧತಿ ಏನು, ಮಕ್ಕಳೇ ಹುಡುಕಿದರೆ ಹೇಗೆ ಮನಸ್ಸಿನಲ್ಲಿ ನಿಲ್ಲುತ್ತದೆ ಅಂತ ಕೂತು ವಿವರವಾಗಿ ಹೇಳಿದೆ. ಅವರು ಒಂದು ಮಾತನ್ನೂ ಬಿಡದೆ ಕೇಳಿಸಿಕೊಂಡರು. ಖರೆ ಐತ್ರಿ ಅಕ್ಕೋರ, ಖರೆ ಐತಿ ಅಂದರು. ಆಮೇಲೆ ಎದ್ದು, ಚೀಲಕ್ಕೆ ಕೈಹಾಕಿ, ಪೇಪರಿನಲ್ಲಿ ಸುತ್ತಿದ್ದ ನಾಲ್ಕನೇ ತರಗತಿಯ ಗೈಡನ್ನು ತೆಗೆದು ನನ್ನ ಮೇಜಿನ ಮೇಲೆ ಇಟ್ಟರು.

"ಇದು ನಿಮ್ಮ ಹತ್ರ ಇರಲಿ. ಉತ್ತರಾ ಎಲ್ಲಾ ಹಿಂದಿನ ಹಾಳ್ಯಾಗ ಅದಾವ್ರಿ. ನಾ ಯಾರ ಮುಂದೂ ಹೇಳಂಗಿಲ್ಲ."

ಅಧ್ಯಕ್ಷರು ಬಂದದ್ದು

ಎಲ್ಲ ಪಾಲಕರೂ ಅಷ್ಟು ಒಳ್ಳೆಯವರಿರಲಿಲ್ಲ. ಕೆಲವರು ಸೀದಾ ಆಡಳಿತ ಮಂಡಳಿಯ ಅಧ್ಯಕ್ಷರಿಗೇ ಫೋನ್ ಮಾಡಿದರು. ಅಧ್ಯಕ್ಷರು ಹಿರೇಕೆರೂರ ಕಡೆಯ ದೊಡ್ಡ ಜಮೀನುದಾರರು, ವಯಸ್ಸಾದವರು, ಮಾತು ಕಡಿಮೆ. ತಾವೇ ಬಂದು ಒಂದು ತರಗತಿ ನೋಡುವುದಾಗಿಯೂ, ಸರಿ ಕಾಣದಿದ್ದರೆ ಅವತ್ತೇ ಬೆಂಚುಗಳು ಸಾಲಿಗೆ ಹೋಗುವುದಾಗಿಯೂ ಹೇಳಿ ಕಳಿಸಿದರು. ಹೆಡ್ ಸರ್ ನನ್ನ ತರಗತಿಯನ್ನೇ ಆರಿಸಿದರು. ಆ ವಾರ ಅವರು ನೆಟ್ಟಗೆ ಊಟ ಮಾಡಲಿಲ್ಲ.

ಇಲ್ಲಿ ಒಂದು ವಿಷಯ ಹೇಳಬೇಕು. ತರಗತಿಯ ನಿಯಮಗಳನ್ನು ಮಕ್ಕಳೇ ಮಾಡಬೇಕು ಅಂತ ಹೊಸ ಪದ್ಧತಿಯಲ್ಲಿತ್ತು. ನಮ್ಮ ಮಕ್ಕಳು ಮಾಡಿದ್ದು ಒಂದೇ ನಿಯಮ. ತಡವಾಗಿ ಬಂದವರು ಎಲ್ಲರ ಮುಂದೆ ನಿಂತು ಹಾಡು ಹೇಳಿಯೇ ಕೂರಬೇಕು. ಬಸ್ಸು ತಪ್ಪಿದ ದಿನ ನಾನೂ ಹಾಡಿದ್ದೆ.

ಅಧ್ಯಕ್ಷರು ಹತ್ತು ಗಂಟೆಗೆ ಬರುತ್ತೇನೆ ಅಂದವರು ಬಂದಾಗ ಹನ್ನೊಂದೂವರೆ. ಹೆಡ್ ಸರ್ ಅವರನ್ನು ಕರೆದುಕೊಂಡು ಬಾಗಿಲಿಗೆ ಬಂದರು. ಅಧ್ಯಕ್ಷರು ಇನ್ನೇನು ಕೂರಬೇಕು, ಆಗ ಕೆಂಪು ರಿಬ್ಬನ್ನಿನ ಹುಡುಗಿ ಎದ್ದು ನಿಂತು, ಕೈಮುಗಿದು, ಬಹಳ ಮರ್ಯಾದೆಯಿಂದ ಹೇಳಿದಳು: "ಅಜ್ಜಾರ, ತಡಾ ಮಾಡಿ ಬಂದವರು ಒಂದ ಹಾಡ ಹೇಳಿ ಕುಂದರಬೇಕ್ರಿ."

ಹೆಡ್ ಸರ್ ಓಡಿ ಬಂದರು. ಅವರು ಬಗ್ಗಿ ಅವಳ ಕಿವಿಯಲ್ಲಿ, ಇವರು ನಮ್ಮ ಅಧ್ಯಕ್ಷರು ಅಂತ ಪಿಸುಗುಟ್ಟಿದರು. ಅವಳು ವಿಚಾರ ಮಾಡಿದಳು.

"ಅಧ್ಯಕ್ಷರಿಗೆ ಬ್ಯಾರೆ ನಿಯಮ ಮಾಡಿಲ್ರಿ ಸರ್. ಬೇಕಂದ್ರ ಸೋಮವಾರ ಎಲ್ಲಾರೂ ಕೂಡಿ ವಿಚಾರ ಮಾಡ್ತೇವಿ. ಇವತ್ತಿಗೆ ಹಾಡಬೇಕ್ರಿ."

ನಾನು ನೆಲ ನೋಡುತ್ತಾ ನಿಂತೆ. ಬೆಂಚುಗಳು ಸಾಲಿಗೆ ಹೋಗುವುದು ನನ್ನ ಕಣ್ಣಿಗೆ ಕಾಣತೊಡಗಿತ್ತು. ಆದರೆ ಅಧ್ಯಕ್ಷರು ಮೆಲ್ಲಗೆ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡರು. ಒಂದೆರಡು ಸಲ ಕೆಮ್ಮಿ, ಕಣ್ಣುಮುಚ್ಚಿ, ತಮ್ಮೂರಿನ ಭಜನೆಯ ಒಂದು ಪದ ಎತ್ತಿಕೊಂಡರು. ದನಿ ಒಡೆದಿತ್ತು, ಶ್ರುತಿಯೂ ಅಷ್ಟಕ್ಕಷ್ಟೇ. ಆದರೆ ಅವರು ಎಷ್ಟು ಮನಸ್ಸಿಟ್ಟು ಹಾಡಿದರೆಂದರೆ ಮಕ್ಕಳು ತಾವಾಗಿಯೇ ಚಪ್ಪಾಳೆಯ ತಾಳ ಹಾಕತೊಡಗಿದವು. ಒಂದು ನುಡಿ ಮುಗಿಸಿ ಇನ್ನೊಂದು ಹಿಡಿದರು, ಅದನ್ನು ಮುಗಿಸಿ ಮತ್ತೊಂದು. ಊಟದ ಗಂಟೆ ಹೊಡೆದ ಮೇಲೇ ಅವರು ಕಣ್ಣು ತೆರೆದದ್ದು. ಪಾಠ ನೋಡುವುದು ಹಾಗೇ ಉಳಿಯಿತು.

ಅವರನ್ನು ಕಳಿಸಲು ನಾನೂ ಹೊರಗೆ ಹೋದೆ. ಕಾರಿನ ಹತ್ತಿರ ಹೆಡ್ ಸರ್ ಕೈಮುಗಿದು ನಿಂತು, ಬೆಂಚುಗಳ ವಿಷಯ ಏನು ಮಾಡಲಿ ಅಂತ ಅಂಜುತ್ತಾ ಕೇಳಿದರು. ಇರಲಿ ಬಿಡ್ರಿ, ಹಂಗ ಇರಲಿ ಅಂದರು ಅಧ್ಯಕ್ಷರು. ಹೆಡ್ ಸರ್ ಅಲ್ಲೇ ಮೆಟ್ಟಿಲ ಮೇಲೆ ಕುಸಿದು ಕೂತರು. ಆ ವಾರದಲ್ಲಿ ಮೊದಲ ಸಲ ನನ್ನ ಎದೆಯೂ ಹಗುರಾಯಿತು.

ಕಾರು ಗೇಟಿನವರೆಗೆ ಹೋಗಿ ನಿಂತಿತು. ಅಧ್ಯಕ್ಷರು ಇಳಿದು, ಒಬ್ಬರೇ ನಡೆದುಕೊಂಡು ನನ್ನ ಹತ್ತಿರ ವಾಪಸ್ ಬಂದರು. ಹೆಡ್ ಸರ್‌ಗೆ ಕೇಳಿಸದ ಹಾಗೆ ದನಿ ತಗ್ಗಿಸಿ ಕೇಳಿದರು:

"ಅಕ್ಕೋರ, ನಮ್ಮ ಮನ್ಯಾಗ ಯಾರೂ ನನಗ ಹಾಡಾಕ ಬಿಡಂಗಿಲ್ರಿ. ಇಲ್ಲಿ ದಿನಾ ಎಷ್ಟ ಗಂಟೇಕ ಬಂದ್ರ ತಡಾ ಆಗ್ತೈತಿ?"