ಉಡಚಪ್ಪ ಯಾವ ಪಲ್ಟನ್ನಿನವ?

ಜಗಳ ಹುಟ್ಟಿದ್ದು ಹಸಿರು ಬಳೆಯಿಂದ.

ಶಿರಹಟ್ಟಿಯ ದೇವವ್ವನ ಮಗಳು ಸುಮಿತ್ರವ್ವನಿಗೆ ಅಂದು ಸಂಜೆ ಕುಬಸ. ಬಸುರಿಯ ಉಡಿಯನ್ನು ಹೆತ್ತ ತಾಯಿಯೇ ಮೊದಲು ತುಂಬಬೇಕು. ಬಳೆಗಾರ ನಬಿಸಾಬ ಬೆಳಿಗ್ಗೆಯೇ ಬಂದು ಮಗಳ ಕೈ ತುಂಬ ಬಳೆ ಇಟ್ಟ. "ಇನ್ನ ನಿಮ್ಮ ಕೈ ಕೊಡ್ರಿ, ಅವ್ವಾರ" ಎಂದು ದೇವವ್ವನ ಮುಂಗೈ ಹಿಡಿದ.

"ತಡಿ ಸಾಬಣ್ಣಾ!"

ಕೂಗಿದವಳು ಸುಮಿತ್ರವ್ವನ ಅತ್ತೆ ಹನಮಂತವ್ವ. ಲಕ್ಷ್ಮೇಶ್ವರದಿಂದ ಹಿಂದಿನ ದಿನವೇ ಗಂಡನೊಂದಿಗೆ ಬಂದಿಳಿದಿದ್ದಳು. "ಈಕಿ ಗಂಡನ ಖಬರ ಇಲ್ಲದ ಹನ್ನೆರಡು ವರ್ಷ ಆತು. ಹನ್ನೆರಡು ವರ್ಷ ಖಬರ ಇಲ್ಲದಾವ ಸತ್ತಂಗ. ಇಂಥಾಕಿ ಮೊದಲ ಉಡಿ ತುಂಬಿದ್ರ ನನ್ನ ಮೊಮ್ಮಗನ ಗತಿ ಏನು?"

"ಮಗಳ ಲಗ್ನದಾಗ ನಾನು ಮುತ್ತೈದಿ ಇದ್ನೆಲ್ಲ ಅಕ್ಕಾರ?"

"ಆಗ ಹನ್ನೆರಡು ತುಂಬಿದ್ದಿಲ್ಲ. ಮೊನ್ನೆ ದೀಪಾವಳಿಗೆ ತುಂಬ್ತು."

ದೇವವ್ವನ ಗಂಡ ಉಡಚಪ್ಪ ದೊಡ್ಡ ಯುದ್ಧಕ್ಕೆ ಹೋದವನು. ಇಟಲಿಯ ಗುಡ್ಡಗಳಲ್ಲಿ ಗೋರಾ ಸಿಪಾಯಿಗಳಿಗೆ ರೊಟ್ಟಿ, ಮದ್ದುಗುಂಡು ಹೊತ್ತೊಯ್ಯುವ ಹೇಸರಗತ್ತೆಯ ಲಗಾಮು ಹಿಡಿಯುವುದು ಅವನ ಕೆಲಸ. ಇಂಗ್ಲಿಷ್ ಪಲ್ಟನ್ನಿನಿಂದ ಐರಿಷ್ ಪಲ್ಟನ್ನಿಗೆ ಅವನ ಬದಲಿಯಾಯಿತು ಎಂಬುದೇ ಕೊನೆಯ ಸುದ್ದಿ. ಬದಲಿಯಾದವನು ಬದಲಿಯಾಗಿಯೇ ಉಳಿದ.

ಪಕ್ಕದ ಮನೆಯ ಚನ್ನಬಸವಣ್ಣ ಓಡಿ ಬಂದ. ಯಾರ ಮನೆಯಲ್ಲಿ ಒಗ್ಗರಣೆ ಸಿಡಿದರೂ ತಾನು ಕೆಮ್ಮುವ ಮನುಷ್ಯ ಅವನು. "ಗದಗಿನ್ಯಾಗ ಇವತ್ತ ಮಿಲಿಟರಿ ಕಚೇರಿಯವರು ಬಂದು ಕುಂತಾರ. ಯುದ್ಧಕ್ಕ ಹೋದವರನ್ನ ಹುಡುಕಿ ಕೊಡ್ತಾರಂತ. ನಡಿ ತಂಗೀ, ನಾ ಬರ್ತೀನಿ."

ಉಡಚಪ್ಪ ಬದುಕಿದ್ದಾನೆಂದು ಸಂಜೆಯೊಳಗೆ ಗೊತ್ತಾದರೆ ಮೊದಲ ಉಡಿ ದೇವವ್ವನದು ಎಂದು ಹನಮಂತವ್ವ ಒಪ್ಪಿದಳು. ಗಂಡನ ಜೀವಕ್ಕೆ ಹೀಗೆ ಸಂಜೆಯ ಗಡುವು ಬಿತ್ತು.

ಬಸ್ಸಿನಲ್ಲಿ ಚನ್ನಬಸವಣ್ಣ ಬಾಯಿ ಮುಚ್ಚಲಿಲ್ಲ. ಮುಳಗುಂದ ಬರುವಷ್ಟರಲ್ಲಿ ಪ್ರಯಾಣಿಕರೆಲ್ಲ ಸೇರಿ ಉಡಚಪ್ಪನನ್ನು ನಾಲ್ಕು ಸಲ ಕೊಂದು ಮೂರು ಸಲ ಬದುಕಿಸಿದ್ದರು.

ಗದಗಿನ ಕಚೇರಿಯಲ್ಲಿ ಎರಡು ಮೇಜು, ಎರಡು ಸಾಲು: ಒಂದು ಇಂಗ್ಲಿಷ್ ಪಲ್ಟನ್ನಿನ ಕಡತಕ್ಕೆ, ಇನ್ನೊಂದು ಐರಿಷ್ ಪಲ್ಟನ್ನಿನದಕ್ಕೆ. ಮೊದಲ ಮೇಜಿನವ ಮುಖ ಎತ್ತದೆ ಕೇಳಿದ, "ಯಾವ ರಾಜ್ಯದಾವ?"

"ಹೋಗುವಾಗ ನಮ್ಮೂರು ಸಾಂಗ್ಲಿ ಸಂಸ್ಥಾನದಾಗಿತ್ರಿ," ಚನ್ನಬಸವಣ್ಣ ಮುಂದೆ ನುಗ್ಗಿದ. "ಆಮ್ಯಾಲ ಮುಂಬೈಗೆ ಬಂತು. ಈ ತಿಂಗಳ ಮೈಸೂರಿಗೆ ಸೇರೈತಿ."

"ಹಂಗಾರ ಅವ ಮೈಸೂರಿನಾವ ಅಲ್ಲ."

"ಊರು ಇದ್ದಲ್ಲೇ ಐತ್ರೀ ಸಾಹೇಬ್ರ!" ಎಂದಳು ದೇವವ್ವ.

"ಇರ್ಲಿ. ಅವನ್ನ ನಾವು ಐರಿಷ್ ಪಲ್ಟನ್ನಿಗೆ ಕೊಟ್ಟೇವಿ. ಆ ಮೇಜಿಗೆ ಹೋಗ್ರಿ."

ಆ ಮೇಜಿನವ ಆಕಳಿಸಿದ. "ಕಡಾ ತಂದಿದ್ವಿ, ತಿರುಗಿ ಇಂಗ್ಲಿಷ್ ಪಲ್ಟನ್ನಿಗೆ ಕಳಿಸೇವಿ."

"ಕಡಾ ಒಯ್ಯಾಕ ನನ್ನ ಗಂಡ ಏನು ಜರಡಿ ಏನ್ರಿ?"

ಮೊದಲ ಮೇಜಿಗೆ ಮತ್ತೆ ಬಂದರೆ, "ತಿರುಗಿ ಬಂದಿಲ್ಲ." ಎರಡನೆಯದಕ್ಕೆ ಹೋದರೆ, "ಕಳಿಸೇವಿ." ಮಧ್ಯಾಹ್ನದವರೆಗೆ ದೇವವ್ವ ಮಗ್ಗದ ಲಾಳಿಯಂತೆ ಆ ಕಡೆ ಈ ಕಡೆ ಓಡಿದಳು. ಕೊನೆಗೆ ಅವಳ ತಾಳ್ಮೆ ಹರಿಯಿತು.

"ಮನುಷ್ಯಾಂದು ಗೊತ್ತಿಲ್ಲಂದ್ರ ಹೇಸರಗತ್ತಿದರ ಹೇಳ್ರಿ! ಅದಕ್ಕ ದೇವವ್ವ ಅಂತ ನನ್ನ ಹೆಸರ ಇಟ್ಟೀನಂತ ಕಾಗದ ಬರದಿದ್ದ, ಮೂಳ!"

ಸಾಲಿನಲ್ಲಿ ನಿಂತಿದ್ದ ಒಬ್ಬ ಹಣ್ಣು ಗಡ್ಡದವ ಹಾರಿ ಬಿದ್ದ. ಮುಂಡರಗಿಯ ರಹಮಾನಸಾಬ, ಅವನೂ ಹೇಸರಗತ್ತೆಯ ಲಗಾಮು ಹಿಡಿದವನೇ. "ಒದಿಯೋ ದೇವವ್ವ!"

ಇಡೀ ಕಚೇರಿ ದೇವವ್ವನ ಕಾಲು ನೋಡಿತು.

"ಅದು ಇಂಗ್ಲಿಷ್ ಸಾಹೇಬನ್ನ ಒದ್ದಿದ್ದಕ್ಕ ಅವನ್ನೂ ಅದನ್ನೂ ಐರಿಷ್ ಪಲ್ಟನ್ನಿಗೆ ಹಾಕಿದ್ರು. ಅಲ್ಲಿ ಸಾಹೇಬನ್ನೂ ಒದೀತು. ತಿರುಗಿ ಇಂಗ್ಲಿಷ್ ಪಲ್ಟನ್ನಿಗೆ! ಉಡಚಪ್ಪ ಸತ್ತಿಲ್ಲ ತಂಗೀ. ಯುದ್ಧ ಮುಗಿದ ಮ್ಯಾಲ ಒಂದ ಹಡಗದಾಗ ಬಂದ್ವಿ. ಹುಬ್ಬಳ್ಳಿ ಸ್ಟೇಷನ್ನಿನ್ಯಾಗ ಕೂಡಿ ಚಾ ಕುಡದ್ವಿ. ಹೊಸಾ ಬೂಟು, ಛಲೋ ಕೋಟು, ಕಲ್ಲಿನಂಗ ಇದ್ದ. ಊರಿಗೆ ಹೊಕ್ಕೀನಿ ಅಂದ. ಆಮ್ಯಾಲಿಂದು ನನಗ ಗೊತ್ತಿಲ್ಲ."

ದೇವವ್ವ ನೆಲದ ಮೇಲೆ ಕೂತುಬಿಟ್ಟಳು. ನಗುತ್ತಿದ್ದಳೋ ಅಳುತ್ತಿದ್ದಳೋ ಅವಳಿಗೇ ತಿಳಿಯಲಿಲ್ಲ.

ದೀಪ ಹಚ್ಚುವ ಹೊತ್ತಿಗೆ ಇಬ್ಬರೂ ಊರು ಮುಟ್ಟಿದರು. ಚನ್ನಬಸವಣ್ಣ ಓಣಿಯ ತುದಿಯಿಂದಲೇ ಡಂಗುರ ಸಾರಿದ. "ಬದುಕ್ಯಾನ! ಉಡಚಪ್ಪ ಬದುಕ್ಯಾನ! ಸಾಕ್ಷಿ ಸಿಕ್ಕೈತಿ!" ನೆರೆದ ಹೆಂಗಸರು ಹೋ ಎಂದರು. ನಬಿಸಾಬ ಬಳೆಯ ಗಂಟು ಬಿಚ್ಚಿದ.

ಹನಮಂತವ್ವ ಒಬ್ಬಳೇ ಅಲುಗಲಿಲ್ಲ. "ಹುಬ್ಬಳ್ಳ್ಯಾಗ ಯಾವಾಗ ಇಳದನಂತ?"

"ಹತ್ತ ವರ್ಷ ಆತು!" ಚನ್ನಬಸವಣ್ಣ ಎದೆಯುಬ್ಬಿಸಿ ಹೇಳಿದ.

"ಹುಬ್ಬಳ್ಳಿಯಿಂದ ಶಿರಹಟ್ಟಿಗೆ ಬರಾಕ ಹತ್ತ ವರ್ಷ ಬೇಕನ?"

ಚನ್ನಬಸವಣ್ಣನ ಎದೆ ತಾನಾಗಿ ಇಳಿಯಿತು.

"ಹಂಗಾರ ಅವ ಸತ್ತಿಲ್ಲ, ಈಕಿನ್ನ ಬಿಟ್ಟಾನ. ಗಂಡ ಸತ್ತಾಕಿದು ಹಣಿಬರಾ ಅನಬಹುದು. ಗಂಡ ಬಿಟ್ಟಾಕಿ ಏನ ಮಾಡಿದ್ಲೋ ಯಾರಿಗ್ಗೊತ್ತು? ಬ್ಯಾಡವ್ವಾ, ಈಕಿ ಉಡಿ ಮುಟ್ಟೂದು ಬ್ಯಾಡ."

"ಸತ್ರ ನನ್ನ ತಪ್ಪು, ಬದುಕಿದ್ರೂ ನನ್ನ ತಪ್ಪು!" ಎಂದಳು ದೇವವ್ವ. "ಬೂಟು ಹಾಕ್ಕೊಂಡು ಚಾ ಕುಡದಾವ ಅವ. ಅವನ್ನ ಯಾರೂ ಏನೂ ಕೇಳಂಗಿಲ್ಲನ?"

"ಕೇಳಾಕ ಅವ ಎಲ್ಲಿ ಸಿಗ್ತಾನ?" ಎಂದಳು ಹನಮಂತವ್ವ. "ಸಿಕ್ಕಾಕಿ ನೀನು."

ನಬಿಸಾಬ ಗಂಟು ಕಟ್ಟಿದ. ಸುಮಿತ್ರವ್ವ "ಅವ್ವಾ" ಎಂದಳು. ಹಾಡು ಶುರುವಾಗಿದ್ದರಿಂದ ಯಾರಿಗೂ ಕೇಳಿಸಲಿಲ್ಲ. ಮೊದಲ ಉಡಿಯನ್ನು ಹನಮಂತವ್ವನೇ ತುಂಬಿದಳು. ಅವಳ ಗಂಡ ಎಲ್ಲಿದ್ದಾನೆಂದು ಯಾವ ಮೇಜಿಗೂ ಹೋಗಿ ಕೇಳಬೇಕಾಗಿರಲಿಲ್ಲ. ಕಳ್ಳಭಟ್ಟಿ ಕುಡಿದು, ತಲಬಾಗಿಲಿಗೆ ಅಡ್ಡಲಾಗಿ ಬಿದ್ದು ಗೊರಕೆ ಹೊಡೆಯುತ್ತಿದ್ದ. ಆರತಿ ಹಿಡಿದ ಮುತ್ತೈದೆಯರು ಸೀರೆ ಎತ್ತಿ ಹಿಡಿದು, ಒಬ್ಬೊಬ್ಬರಾಗಿ ಅವನನ್ನು ದಾಟಿಕೊಂಡು ಒಳಗೆ ಹೋದರು.