ಕಾಲುವೆಯಲ್ಲಿ ಔಷಧ ಶೇಷ

ಊರ ಕಾಲುವೆಯನ್ನು ಸರ್ಕಾರಿ ಔಷಧ ಉಗ್ರಾಣವೆಂದು ಘೋಷಿಸಿದ ಆದೇಶದಲ್ಲಿ ಯಾವ ಲೋಪವೂ ಇರಲಿಲ್ಲ. ಮೊಹರು ನೆಟ್ಟಗಿತ್ತು, ಸಹಿ ಸಾಹೇಬರದೇ ಆಗಿತ್ತು, ವ್ಯಾಕರಣವೂ ಶುದ್ಧವಾಗಿತ್ತು. ಇಷ್ಟೆಲ್ಲ ಇದ್ದ ಮೇಲೆ ವಿಷಯ ಸರಿಯಿದೆಯೇ ಎಂದು ಕೇಳುವುದು ಸಭ್ಯರ ಲಕ್ಷಣವಲ್ಲ.

ಇದೆಲ್ಲ ಶುರುವಾದದ್ದು ಒಂದು ಕಿರುಬೆರಳಿನಿಂದ. ನೀರು ಪರೀಕ್ಷಿಸುವ ಕಚೇರಿಯ ಪರೀಕ್ಷಕಿಗೆ ಒಬ್ಬಳು ಅಕ್ಕನಿದ್ದಳು. ಕೆಳಬೀದಿಯಲ್ಲಿ ಲಾಂಡ್ರಿ ಇಟ್ಟುಕೊಂಡು, ಆಸ್ಪತ್ರೆಯ ಹಾಸಿಗೆ ಬಟ್ಟೆಗಳನ್ನು ಕಾಲುವೆಯಲ್ಲಿ ನಿಂತು ಒಗೆಯುವುದು ಅಕ್ಕನ ಕಸುಬು. ಕಲ್ಲು ತಾಗಿ ಅವಳ ಕಾಲಿನ ಕಿರುಬೆರಳಿಗೆ ಗಾಯವಾಯಿತು. ಎಷ್ಟು ಮಾತ್ರೆ ನುಂಗಿದರೂ ಮಾಯಲಿಲ್ಲ. ತಾಯಿಯಿಲ್ಲದ ತನ್ನನ್ನು ಎತ್ತಿ ಆಡಿಸಿ ಸಾಕಿದವಳು ಕುಂಟುವುದನ್ನು ಪರೀಕ್ಷಕಿಗೆ ನೋಡಲಾಗಲಿಲ್ಲ. ಯಾರೂ ಹೇಳದಿದ್ದರೂ ಕಾಲುವೆಯ ನೀರನ್ನು ಸೀಸೆಯಲ್ಲಿ ತುಂಬಿಕೊಂಡು ಹೋಗಿ ಪರೀಕ್ಷಿಸಿದಳು. ಯಾರೂ ಹೇಳದೆ ಕೆಲಸ ಮಾಡಿದವರು ಆ ಕಚೇರಿಯಲ್ಲಿ ಅವಳೇ ಮೊದಲು.

ನೀರಿನಲ್ಲಿ ನೋವಿಗೆ ಕೊಡುವುದಿತ್ತು, ನಿದ್ದೆಗೆ ಕೊಡುವುದಿತ್ತು, ಸಕ್ಕರೆ ಕಾಯಿಲೆಗೆ ಕೊಡುವುದೂ ಇತ್ತು. ಎಲ್ಲಕ್ಕಿಂತ ಹೆಚ್ಚಾಗಿ ಆಂಟಿಬಯೋಟಿಕ್ ಇತ್ತು. ಮೇಲುಗಡೆ ಮಾತ್ರೆ ಕಾರ್ಖಾನೆಯ ಪೈಪು ಬಿಡುವಿಲ್ಲದೆ ಕಾಲುವೆಗೆ ಸುರಿಯುತ್ತಿತ್ತು. ಅದನ್ನು ಮುಚ್ಚಿಸಿದರೆ ಅಕ್ಕನ ಕಾಲು ಉಳಿದೀತೆಂದು ಪರೀಕ್ಷಕಿ ವರದಿ ಬರೆಯಲು ಕೂತಳು. ಕಚೇರಿಯ ನಿಯಮದಂತೆ ವರದಿ ಗಂಭೀರ ಭಾಷೆಯಲ್ಲಿರಬೇಕು. ಆದ್ದರಿಂದ ಹೀಗೆ ಬರೆದಳು: ‘ಕಾಲುವೆಯ ನೀರಿನಲ್ಲಿ ಅಪಾರ ಪ್ರಮಾಣದ ಔಷಧ ಶೇಷವಿರುವುದು ಕಂಡುಬಂದಿದೆ. ತಕ್ಷಣ ಕ್ರಮ ಕೈಗೊಳ್ಳುವುದು.’

ಸಾಹೇಬರು ಓದಿ ಕನ್ನಡಕ ತೆಗೆದರು.

“ಶೇಷ ಅಂದ್ರೆ ಏನಮ್ಮ?”

“ಉಳಿದಿದ್ದು ಸರ್. ಕಾರ್ಖಾನೆಯಿಂದ ಬಂದು ನೀರಲ್ಲಿ ಉಳ್ಕೊಂಡಿರೋದು.”

“ಉಳಿದಿದ್ದು ಅಂದ ಮೇಲೆ ಅದು ದಾಸ್ತಾನು ಆಯ್ತಲ್ಲ. ನಮಗ್ಯಾಕೆ ಅದರ ಉಸಾಬರಿ? ಉಗ್ರಾಣದವರಿಗೆ ಕಳಿಸಿ.”

“ಸರ್, ಅದು ವಿಷ.”

“ನೀವೇ ಔಷಧ ಅಂತ ಬರೆದಿದ್ದೀರಿ. ವಿಷ ಅಂತ ಬರೆಯೋಕೆ ನಿಮ್ಮ ಕೈ ಹಿಡಿದವರು ಯಾರು?”

ಯಾರೂ ಹಿಡಿದಿರಲಿಲ್ಲ. ತಿದ್ದೋಣವೆಂದರೆ ಕಡತ ಆಗಲೇ ಮುಂದಿನ ಮೇಜಿಗೆ ಹೋಗಿತ್ತು. ಹೋದ ಕಡತ ಹಿಂದೆ ಬರುವ ಪದ್ಧತಿ ಆ ಕಟ್ಟಡದಲ್ಲಿರಲಿಲ್ಲ.

ಉಗ್ರಾಣದ ಗುಮಾಸ್ತನಿಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಅವನ ಕಪಾಟುಗಳು ಬಹುಕಾಲದಿಂದ ಖಾಲಿ. ಔಷಧವೆಲ್ಲ ಎಲ್ಲಿ ಹೋಯಿತೆಂದು ಆಡಿಟರು ಕೇಳಿದಾಗಲೆಲ್ಲ ಅವನಿಗೆ ಕೆಮ್ಮು ಬರುತ್ತಿತ್ತು. ಇಷ್ಟು ವರ್ಷಗಳ ಕೊರತೆಯೆಲ್ಲ ಕಾಲುವೆಯಲ್ಲಿ ಭದ್ರವಾಗಿದೆಯೆಂದು ಷರಾ ಬರೆದ ದಿನವೇ ಅವನ ಕೆಮ್ಮು ನಿಂತಿತು. ಕಾಲುವೆಯ ನೀರಿನಿಂದ ಗುಣವಾದ ಮೊದಲ ರೋಗಿಯೆಂದು ಅವನನ್ನೇ ಹೇಳಬೇಕು. ಆದೇಶ ಹೊರಟಿತು, ದಡದಲ್ಲಿ ಫಲಕ ನಿಂತಿತು:

‘ಸಾರ್ವಜನಿಕರ ಗಮನಕ್ಕೆ. ಇದು ಸರ್ಕಾರಿ ಔಷಧ ಉಗ್ರಾಣ. ವೈದ್ಯರ ಚೀಟಿಯಿಲ್ಲದೆ ಈಜತಕ್ಕದ್ದಲ್ಲ. ದನಕರುಗಳು ಊಟದ ನಂತರವೇ ಕುಡಿಯತಕ್ಕದ್ದು. ಮೀನುಗಳು ನಿಗದಿತ ಪ್ರಮಾಣ ಮೀರಿ ಸೇವಿಸಿದಲ್ಲಿ ಇಲಾಖೆ ಹೊಣೆಯಲ್ಲ.’

ಮೀನುಗಳು ಪ್ರಮಾಣ ಮೀರಿದವು. ಹೊಟ್ಟೆ ಮೇಲೆ ಮಾಡಿ ತೇಲತೊಡಗಿದಾಗ, ನಿದ್ದೆ ಔಷಧದ ಗುಣಮಟ್ಟ ತೃಪ್ತಿಕರವಾಗಿದೆಯೆಂದು ಇಲಾಖೆ ಪ್ರಕಟಿಸಿತು. ದಾಸ್ತಾನು ಪಕ್ಕದೂರಿಗೆ ಹರಿದುಹೋಗುತ್ತಿದೆಯೆಂದು ದೂರು ಬಂದದ್ದರಿಂದ ಕಾಲುವೆಗೆ ಗೇಟು ಹಾಕಿಸಿ, ಬೀಗ ಜಡಿದು, ಕಾವಲುಗಾರನನ್ನು ಕೂರಿಸಿದರು. ನೀರು ಗೇಟಿನ ಸಂದಿಯಿಂದ ಹೋಗುತ್ತಿತ್ತು. ಬೀಗ ಮುರಿದು ಹೋಗುತ್ತಿಲ್ಲವಾದ್ದರಿಂದ ಕಾವಲುಗಾರ ಆಕ್ಷೇಪಿಸಲಿಲ್ಲ. ಕಾರ್ಖಾನೆಯ ಮಾಲೀಕರು ಔಷಧವನ್ನು ಮನೆಬಾಗಿಲಿಗೇ ತಲುಪಿಸುತ್ತಿದ್ದಾರೆಂದು, ಕಾಲುವೆಯ ನೀರು ತುಂಬಿದ ಬೆಳ್ಳಿ ಲೋಟ ಕೊಟ್ಟು ಅವರನ್ನು ಸನ್ಮಾನಿಸಲಾಯಿತು. ಅವರು ಲೋಟವನ್ನು ಇಟ್ಟುಕೊಂಡು ನೀರನ್ನು ವಿನಯದಿಂದ ಹಿಂದಿರುಗಿಸಿದರು.

ಶೇಷ ಕಂಡುಹಿಡಿದವಳೇ ಶೇಷಕ್ಕೆ ಜವಾಬ್ದಾರಳು ಎಂಬ ನ್ಯಾಯದಂತೆ ಪರೀಕ್ಷಕಿಗೆ ಉಗ್ರಾಣಾಧಿಕಾರಿಯಾಗಿ ಬಡ್ತಿ ಸಿಕ್ಕಿತು. ದಿನವೂ ದಡದಲ್ಲಿ ನಿಂತು ನೀರನ್ನು ನೋಡಿ ‘ಶೇಷ ಸರಿಯಿದೆ’ ಎಂದು ಸಹಿ ಹಾಕುವುದು ಅವಳ ಕೆಲಸ. ಮೊದಮೊದಲು ಅಳು ಬರುತ್ತಿತ್ತು. ಆಮೇಲೆ ಹೊಸ ಸಂಬಳ ಬಂತು.

ಅಷ್ಟರಲ್ಲಿ ಅಕ್ಕನ ಬೆರಳು ಕಪ್ಪಗಾಗಿತ್ತು. ತಂಗಿ ಅವಳನ್ನು ಆಸ್ಪತ್ರೆಗೆ ಕರೆದೊಯ್ದಳು.

“ಕೆಳಬೀದಿನಾ?” ವೈದ್ಯರು ಬೆರಳು ನೋಡುತ್ತಲೇ ಕೇಳಿದರು. “ಹಾಗಾದ್ರೆ ನಾನು ಕೊಡೋ ಔಷಧ ಹಿಡಿಯಲ್ಲಮ್ಮ. ನಿಮ್ಮ ಕಾಲುವೆ ಕ್ರಿಮಿಗಳು ಇದೇ ಔಷಧದಲ್ಲಿ ಹುಟ್ಟಿ ಬೆಳೆದಿರೋವು. ಅವಕ್ಕೆ ಇದು ತವರುಮನೆ ಊಟ.”

“ಹಾಗಾದ್ರೆ ಪೈಪು ಮುಚ್ಚಿಸಿ ಅಂತ ಬರ್ಕೊಡಿ ಡಾಕ್ಟ್ರೇ,” ಎಂದಳು ತಂಗಿ.

“ಔಷಧದ ಉಗ್ರಾಣ ಮುಚ್ಚಿ ಅಂತ ವೈದ್ಯನೇ ಬರೆದ್ರೆ ಚೆನ್ನಾಗಿರುತ್ತಾ? ಡೋಸು ಸಾಲದು ಅಂತ ಬರ್ಕೊಡ್ತೀನಿ. ಅದಕ್ಕೆ ಜಾಗ ಇದೆ ಚೀಟೀಲಿ.”

ಡೋಸು ಸಾಲದೆಂದು ತಿಳಿದ ಮೇಲೆ ಇಲಾಖೆ ಕೈಕಟ್ಟಿ ಕೂರಲಿಲ್ಲ. ಕಾರ್ಖಾನೆಯ ಪೈಪನ್ನು ಅಗಲ ಮಾಡುವ ಆದೇಶ ತಯಾರಾಗಿ ಉಗ್ರಾಣಾಧಿಕಾರಿಯ ಸಹಿಗೆ ಬಂತು. ಅವಳು ಅದನ್ನು ಹಿಡಿದುಕೊಂಡು ನೇರ ಅಕ್ಕನ ಮನೆಗೆ ಹೋದಳು.

“ನಾನು ಹಾಕಲ್ಲ ಅಕ್ಕ. ಈ ಪೈಪೇ ನಿನ್ನ ಕಾಲು ತಿಂತಿರೋದು.”

“ಸಾಲ್ತಿಲ್ಲ ಅಂತ ಡಾಕ್ಟ್ರೇ ಹೇಳಿದ್ರಲ್ಲೇ,” ಅಕ್ಕ ಕಾಲನ್ನು ದಿಂಬಿನ ಮೇಲಿಟ್ಟುಕೊಂಡು ಹೇಳಿದಳು. “ನಿನ್ನದೊಂದು ಸಹಿ ಬಾಕಿ ಇದ್ದು ನನ್ನ ಕಾಲು ಹೋದ್ರೆ ನಿನಗೆ ಅನ್ನ ಸೇರುತ್ತೇನೇ?”

ತಂಗಿ ಆದೇಶವನ್ನು ದಿಂಬಿನ ಅಂಚಿನ ಮೇಲೆ ಹರಡಿದಳು. ಆಮೇಲೆ ಸಹಿ ಹಾಕಿದಳು. ಕ್ರಿಮಿಗಳಂತೆ ಅವಳಿಗೂ ಅಭ್ಯಾಸವಾಗಿತ್ತು.

ಪೈಪು ಅಗಲವಾಯಿತು. ಬೆರಳನ್ನು ತೆಗೆಯಬೇಕಾಯಿತು. ಮನೆಗೆ ಕಳಿಸುವಾಗ ನರ್ಸು ಒಂದು ಚೀಟಿ ಚಾಚಿದಳು. ಅದರಲ್ಲಿ ‘ಎಡಗಾಲಿನ ಬೆರಳು: ಶೇಷ ನಾಲ್ಕು’ ಎಂದಿತ್ತು.

“ರೋಗಿ ಕಡೆಯವರು ಎಣಿಸಿ ನೋಡಿ ಸಹಿ ಮಾಡ್ಬೇಕು,” ಎಂದಳು ನರ್ಸು.

ಅಕ್ಕ ಎಣಿಸಲು ಅನುಕೂಲವಾಗಲೆಂದು ಬೆರಳುಗಳನ್ನು ಅಗಲಿಸಿ ಹಿಡಿದಳು. ತಂಗಿ ಬಗ್ಗಿ ಎಣಿಸಿದಳು. ಶೇಷ ಸರಿಯಿತ್ತು. ಸಹಿ ಹಾಕಿದಳು.