ಐದು ಮಡಿಕೆಯ ಲೆಕ್ಕ

ಹೆಂಡತಿ ಗಣಿತದಲ್ಲೂ ತನ್ನ ಮಾತು ಕೇಳುತ್ತಿಲ್ಲ ಎಂಬುದು ದರ್ಜಿಯ ಸಂಕಟ. ಮಕ್ಕಳು ದೊಡ್ಡವರಾದ ಮೇಲೆ ಅವಳು ಹತ್ತನೆಯ ತರಗತಿಯ ಪರೀಕ್ಷೆಗೆ ಕಟ್ಟಿದ್ದಳು. ಹೋದ ಸಲ ಎರಡೇ ಅಂಕದಲ್ಲಿ ಗಣಿತ ಕೈಕೊಟ್ಟಿತ್ತು. ಇವತ್ತು ಮಧ್ಯಾಹ್ನ ಮತ್ತೆ ಅದೇ ಪರೀಕ್ಷೆ. ಈ ಸಲವೂ ಹೋದರೆ ಇನ್ನು ಪುಸ್ತಕ ಮುಟ್ಟುವುದಿಲ್ಲ ಎಂದುಬಿಟ್ಟಿದ್ದಳು. ಹೀಗಿರುವಾಗ ಕಟ್ಟಿಕೊಂಡ ಗಂಡ (ಅದೂ ಏಳನೆಯ ತರಗತಿಯವರೆಗೆ ಓದಿದ ಮಹಾವಿದ್ವಾಂಸ) ಕೈಕಟ್ಟಿ ಕೂರುವುದುಂಟೇ?

"ಎಕ್ಸ್‌ನ ಘಾತ ಮೂರನ್ನ ಎಕ್ಸ್‌ನ ಘಾತ ಎರಡರಿಂದ ಗುಣಿಸು ಅಂತ ಇದೆ. ಮೂರೆರಡ್ಲ ಆರು. ಎಕ್ಸ್‌ನ ಘಾತ ಆರು, ಮುಗೀತು!"

"ಘಾತ ಕೂಡಿಸ್ಬೇಕು ರೀ. ಐದು."

"ಗುಣಿಸು ಅಂದ್ರೆ ಕೂಡ್ಸೋದಾ? ಅಂಗಿಗೆ ಅಳತೆ ತಗೊಂಡು ಲಂಗ ಹೊಲಿದ ಹಾಗಾಯ್ತು! ಬಟ್ಟೆ ಕೊಡೇ, ತೋರಿಸ್ತೀನಿ. ಎಕ್ಸ್ ಅಂದ್ರೆ ಎರಡು ಅನ್ಕೋ. ಒಂದು ಸಲ ಮಡಿಸಿದ್ರೆ ಎರಡು ಪದರ. ಮೂರು ಸಲ ಮಡಿಸಿ ಮತ್ತೆ ಎರಡು ಸಲ ಮಡಿಸ್ತೀನಿ. ಜೇಬು ಕತ್ತರಿಸಿದ್ರೆ ಎರಡರ ಘಾತ ಆರು, ಅಂದ್ರೆ ಅರವತ್ನಾಲ್ಕು ಬೀಳತ್ತೆ ನೋಡು!"

"ಪದರ ಎಣಿಸಿದ್ರೆ ಸಾಕಲ್ವಾ?"

"ದರ್ಜಿ ಎಣಿಸೋದು ತುಂಡು ಕಣೇ, ಪದರ ಅಲ್ಲ!"

ಅವಳು ಪೆಟ್ಟಿಗೆ ತೆರೆದು ಒಂದು ಬಟ್ಟೆ ತೆಗೆದುಕೊಟ್ಟಳು. ಆವೇಶದಲ್ಲಿದ್ದ ದರ್ಜಿ ಅದನ್ನು ಸರಿಯಾಗಿ ನೋಡಲೂ ಇಲ್ಲ. ಮಡಿಸಿ, ಒತ್ತಿ, ಹಲ್ಲು ಕಚ್ಚಿ ಕತ್ತರಿ ಆಡಿಸಿದ. ಎಣಿಸಿದರೆ ಮೂವತ್ತೆರಡು. ಮೇಜಿನ ಕೆಳಗೆ ಹುಡುಕಿದ, ಹೆಂಡತಿಯನ್ನು ಎಬ್ಬಿಸಿ ಅವಳು ಕೂತ ಚಾಪೆಯನ್ನೂ ಕೊಡವಿದ. ಮೂವತ್ತೆರಡೇ.

ಇದ್ದಕ್ಕಿದ್ದಂತೆ ಅವನ ಮುಖ ಅರಳಿತು. "ಮೂರು ಸಲ, ಆಮೇಲೆ ಎರಡು ಸಲ, ಒಟ್ಟು ಐದೇ ಸಲ ಅಲ್ವೇನೇ ಮಡಿಸಿದ್ದು! ಮಡಿಕೆ ಕೂಡ್ಕೊಳತ್ತೆ, ಪದರ ಗುಣಿಸ್ಕೊಳತ್ತೆ!" ಈ ನಿಯಮವನ್ನು ಜಗತ್ತಿಗೆ ತಾನೇ ದಯಪಾಲಿಸಿದವನಂತೆ ಕುಣಿದ.

"ಹಾಗಾದ್ರೆ ಭಾಗಿಸೋದು ಅಂದ್ರೆ..." ಎಂದಳು ಅವಳು.

"ಬಿಚ್ಚೋದು! ಎರಡು ಸಲ ಬಿಚ್ಚಿದ್ರೆ ಐದರಲ್ಲಿ ಎರಡು ಹೋಯ್ತು, ಮೂರು ಉಳೀತು!"

"ಅಯ್ಯೋ, ಅದಕ್ಕೇ ಕಳೀಬೇಕಾ! ಹೋದ ವರ್ಷ ನಾನು ಮುಗ್ಗರಿಸಿದ್ದು ಅಲ್ಲೇ ರೀ!" ಅವಳಿಗೆ ಖುಷಿ ತಡೆಯಲಾಗಲಿಲ್ಲ. ಪೆನ್ನು ಹಿಡಿದು ಚಪ್ಪಲಿ ಮೆಟ್ಟಿಯೇಬಿಟ್ಟಳು.

ಆಗ ದರ್ಜಿ ಒಂದು ತುಂಡನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿದ. "ಏ, ಇದು ಯಾವ ಗಿರಾಕಿ ಬಟ್ಟೆನೇ?"

"ನೀವು ಅಷ್ಟು ಗಟ್ಟಿಯಾಗಿ ವಾದ ಮಾಡ್ತಿದ್ರಲ್ಲ, ಬೇರೆಯವರ ಬಟ್ಟೆ ಕೊಡೋಕೆ ಧೈರ್ಯ ಬರ್ಲಿಲ್ಲ. ನಿಮ್ದೇ ರೀ. ನಾನು ಪಾಸಾದ ದಿನ ನಿಮಗೆ ಹೊಸ ಅಂಗಿ ಇರ್ಲಿ ಅಂತ ತಂದಿಟ್ಟಿದ್ದೆ."

ಅವಳು ನಗುತ್ತಾ ಮೆಟ್ಟಿಲಿಳಿದು ಹೋದಳು. ದರ್ಜಿ ಮೇಜಿನತ್ತ ನೋಡಿದ. ಮೂವತ್ತೆರಡು ಜೇಬುಗಳಿದ್ದವು, ಹಚ್ಚಲು ಅಂಗಿ ಇರಲಿಲ್ಲ.